ಡ್ಯಾಶ್‌ಬೋರ್ಡಿನ ಹಿಂದಿನ ಕಪ್ಪು ಪುಡಿ

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಕಾರಿಗೆ ಹೊಸ ಬ್ಯಾಟರಿ ಕೂರಿಸಿ ಹೀಟರಿನ ಫ್ಯಾನ್ ಹಾಕಿದಾಗ, ಡ್ಯಾಶ್‌ಬೋರ್ಡಿನ ಕಿಂಡಿಗಳಿಂದ ಗಾಳಿಯ ಜೊತೆಗೆ ಕಪ್ಪು ಪುಡಿಯೂ ಹಾರಿ ಬರುವುದುಂಟು. ಸೀಟಿನ ಮೇಲೆ, ಅಂಗಿಯ ಮೇಲೆ, ಗಾಜಿನ ಒಳಬದಿಯಲ್ಲಿ ಅದು ಕೂರುತ್ತದೆ. ಬೆರಳಿನಿಂದ ಹೊಸಕಿದರೆ ಒಂದಿಷ್ಟು ಪುಡಿಯಾಗುತ್ತದೆ, ಇನ್ನೊಂದಿಷ್ಟು ಚರ್ಮಕ್ಕೆ ಅಂಟಿಕೊಂಡು ಬಿಡಲೊಲ್ಲದು. ಮೊದಲ ಸಲ ನೋಡಿದವರು ಅದನ್ನು ಧೂಳೆಂದೋ ಇಲಿ ಕಡಿದ ಚೂರೆಂದೋ ತಿಳಿಯುತ್ತಾರೆ, ಒಂದು ವಾರ ಫ್ಯಾನ್ ಓಡಿಸಿದರೆ ಎಲ್ಲ ಹಾರಿಹೋಗಿ ಸರಿಯಾದೀತು ಎಂದುಕೊಳ್ಳುತ್ತಾರೆ. ಪುಡಿ ಬರುವುದು ನಿಲ್ಲುತ್ತದೆ ನಿಜ. ಅದು ನಿಂತ ದಿನ ಕಾರಿನ ಗಾಳಿ ವ್ಯವಸ್ಥೆಯಲ್ಲಿ ಸೀಲು ಎಂಬುದೇ ಉಳಿದಿರುವುದಿಲ್ಲ.

ಆ ಪುಡಿ ಒಂದು ಕಾಲಕ್ಕೆ ಮೆತ್ತನೆಯ ಫೋಮ್ ಪಟ್ಟಿಯಾಗಿತ್ತು. ಡ್ಯಾಶ್‌ಬೋರ್ಡಿನ ಹಿಂದೆ ಫ್ಯಾನಿನ ಗೂಡು, ಬಿಸಿನೀರು ಹರಿಯುವ ಹೀಟರ್ ಕೋರ್, ಗಾಳಿಯನ್ನು ಗಾಜಿನತ್ತಲೋ ಮುಖದತ್ತಲೋ ಕಾಲಿನತ್ತಲೋ ತಿರುಗಿಸುವ ಫ್ಲ್ಯಾಪುಗಳು, ಅಲ್ಲಿಂದ ಕಿಂಡಿಗಳವರೆಗೆ ಸಾಗುವ ನಾಳಗಳು ಇರುತ್ತವೆ. ಬೇರೆ ಬೇರೆ ಅಚ್ಚಿನಲ್ಲಿ ತಯಾರಾಗಿ ಕೊನೆಗೆ ಒಟ್ಟು ಸೇರುವ ಈ ತುಂಡುಗಳ ನಡುವೆ ಸಂದು ಇದ್ದೇ ಇರುತ್ತದೆ. ಅದನ್ನು ತುಂಬಲು ಕಾರ್ಖಾನೆಯವರು ಕೆಲವು ಮಿಲಿಮೀಟರ್ ದಪ್ಪದ ಫೋಮನ್ನು ಅಂಟಿಸುತ್ತಿದ್ದರು. ಇಡೀ ಕಾರಿನಲ್ಲಿ ಬಹುಶಃ ಅತಿ ಅಗ್ಗದ ವಸ್ತು ಅದೇ. ಅದನ್ನು ಬದಲಾಯಿಸಬೇಕಾದರೆ ಮಾತ್ರ ಡ್ಯಾಶ್‌ಬೋರ್ಡನ್ನೇ ಇಳಿಸಬೇಕು.

ಒಂದು ನಿಜವಾದ ಕಾರನ್ನು ಎದುರಿಗಿಟ್ಟುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. 1969ರಲ್ಲಿ ನಿಸ್ಸಾನ್ ಕಂಪನಿ ಜಪಾನಿನಲ್ಲಿ ಫೇರ್‌ಲೇಡಿ ಝಡ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಯೊಶಿಹಿಕೊ ಮತ್ಸುಒ ಅವರ ವಿನ್ಯಾಸ ತಂಡ ರೂಪಿಸಿದ ಈ ಕಾರು ಅಮೆರಿಕದಲ್ಲಿ ಡ್ಯಾಟ್ಸನ್ 240ಝಡ್ ಎಂಬ ಹೆಸರಿನಿಂದ 3,526 ಡಾಲರ್ ಬೆಲೆಗೆ ಮಾರಾಟಕ್ಕಿಳಿಯಿತು. ಆರು ಸಿಲಿಂಡರಿನ 2.4 ಲೀಟರ್ ಎಂಜಿನ್, ಉದ್ದನೆಯ ಮೂತಿ, ಹಿಂದೆ ಮೇಲಕ್ಕೆ ತೆರೆಯುವ ಬಾಗಿಲು. ಎಸ್30 ಎಂಬ ಸಂಕೇತದ ಈ ಮಾದರಿಯ ಐದು ಲಕ್ಷಕ್ಕೂ ಹೆಚ್ಚು ಕಾರುಗಳು 1978ರವರೆಗೆ ತಯಾರಾದವು. 1990ರ ದಶಕದಲ್ಲಿ ನಿಸ್ಸಾನಿನ ಅಮೆರಿಕ ಶಾಖೆ ಹಳೆಯ 240ಝಡ್‌ಗಳನ್ನು ಕೊಂಡು, ದುರಸ್ತಿ ಮಾಡಿಸಿ, ತನ್ನ ಡೀಲರುಗಳ ಮೂಲಕವೇ ಮತ್ತೆ ಮಾರಿತ್ತು. ಈ ಕಾರನ್ನು ಇಂದಿಗೂ ಜತನದಿಂದ ಉಳಿಸಿಕೊಂಡವರು ಹಲವು ದೇಶಗಳಲ್ಲಿದ್ದಾರೆ. ಅದರ ಡ್ಯಾಶ್‌ಬೋರ್ಡ್ ಇಳಿಸಿದವರಿಗೆಲ್ಲ ಹೀಟರ್ ಪೆಟ್ಟಿಗೆಯ ಫ್ಲ್ಯಾಪುಗಳ ಮೇಲೆ ಆ ಕಪ್ಪು ಪುಡಿಯ ಪರಿಚಯವಿದೆ.

ಫೋಮ್ ಪುಡಿಯಾಗುವುದಕ್ಕೆ ಕಾರಣ ಅದು ಹುಟ್ಟಿದ ಬಗೆಯಲ್ಲೇ ಇದೆ. 1937ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು ಪಾಲಿಯುರೆಥೇನ್ ರಸಾಯನಶಾಸ್ತ್ರಕ್ಕೆ ಅಡಿಪಾಯ ಹಾಕಿದರು. ಐಸೊಸೈನೇಟ್ ಎಂಬ ಚುರುಕು ರಾಸಾಯನಿಕವೂ ಪಾಲಿಯಾಲ್ ಎಂಬ ಉದ್ದ ಸರಪಳಿಯ ಮದ್ಯಸಾರವೂ ಕೂಡಿದಾಗ ಯುರೆಥೇನ್ ಕೊಂಡಿಗಳು ಕಟ್ಟಿಕೊಂಡು ಪ್ಲಾಸ್ಟಿಕ್ ಆಗುತ್ತದೆ. ಆ ಮಿಶ್ರಣಕ್ಕೆ ಒಂದಿಷ್ಟು ನೀರು ಬೆರೆಸಿದರೆ ಐಸೊಸೈನೇಟ್ ನೀರಿನೊಡನೆ ವರ್ತಿಸಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಗಟ್ಟಿಯಾಗುತ್ತಿರುವ ಅಂಟಿನೊಳಗೆ ಆ ಅನಿಲ ಗುಳ್ಳೆಗಳಾಗಿ ಉಬ್ಬುತ್ತದೆ, ಗುಳ್ಳೆಗಳ ಗೋಡೆ ಒಡೆದು ಎಳೆಗಳಷ್ಟೇ ಉಳಿಯುತ್ತವೆ. ಹಾಸಿಗೆ, ಸೋಫಾ, ಕಾರಿನ ಸೀಟು, ಎಲ್ಲದರೊಳಗಿನ ಮೆತ್ತನೆಯ ಫೋಮ್ ಇದೇ. ಘನ ಮೀಟರಿಗೆ 25 ಕಿಲೋ ತೂಗುವ ಫೋಮನ್ನು ತೆಗೆದುಕೊಂಡರೆ ಅದರಲ್ಲಿ ಪ್ಲಾಸ್ಟಿಕ್ಕಿನ ಪಾಲು ನೂರಕ್ಕೆ ಎರಡರಷ್ಟು, ಉಳಿದ 98 ಪಾಲು ಬರಿಯ ಗಾಳಿ.

ಪಾಲಿಯಾಲ್‌ಗಳಲ್ಲಿ ಎರಡು ಮುಖ್ಯ ಕುಲಗಳಿವೆ. ಪಾಲಿಎಸ್ಟರ್ ಕುಲದ ಸರಪಳಿಯಲ್ಲಿರುವ ಎಸ್ಟರ್ ಕೊಂಡಿಗೆ ನೀರೇ ಶತ್ರು. ಗಾಳಿಯಲ್ಲಿನ ತೇವ ಎಳೆಯೊಳಗೆ ಇಳಿದು ಕೊಂಡಿಯನ್ನು ಬಿಡಿಸುತ್ತದೆ. ಒಂದು ತುದಿಯಲ್ಲಿ ಆಮ್ಲ, ಇನ್ನೊಂದು ತುದಿಯಲ್ಲಿ ಮದ್ಯಸಾರ ಉಳಿಯುತ್ತದೆ. ಜಲವಿಭಜನೆ ಎಂದು ಪಠ್ಯಪುಸ್ತಕದಲ್ಲಿ ಓದಿದ ಕ್ರಿಯೆಯೇ ಇದು. ಹೀಗೆ ಹುಟ್ಟಿದ ಆಮ್ಲ ಮುಂದಿನ ಕೊಂಡಿ ಇನ್ನಷ್ಟು ಬೇಗ ಕಳಚುವಂತೆ ಮಾಡುತ್ತದೆ. ಆದ್ದರಿಂದಲೇ ಇಂಥ ಫೋಮ್ ಹತ್ತು ಹದಿನೈದು ವರ್ಷ ಏನೂ ಆಗದಂತೆ ಇದ್ದು, ಆಮೇಲೆ ಕೆಲವೇ ವರ್ಷಗಳಲ್ಲಿ ಕುಸಿದುಬಿಡಬಹುದು. ಪಾಲಿಈಥರ್ ಕುಲ ನೀರಿಗೆ ಜಗ್ಗುವುದಿಲ್ಲ. ಅದನ್ನು ತಿನ್ನುವುದು ಬೆಳಕು, ಶಾಖ, ಆಮ್ಲಜನಕ. ಒಂದು ಅಂಟಂಟಾಗಿ ಕರಗುತ್ತದೆ, ಇನ್ನೊಂದು ಒಣಗಿ ಉದುರುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಹಳೆಯ ಕಾರಿನಲ್ಲಿ ಎರಡೂ ಲಕ್ಷಣ ಒಂದೇ ಪಟ್ಟಿಯಲ್ಲಿ ಕಾಣುವುದು ಅಪರೂಪವೇನಲ್ಲ. ಫೋಮಿನ ಹುಟ್ಟಿಗೆ ನೆರವಾದ ನೀರೇ ಅದರ ಒಂದು ಕುಲವನ್ನು ಅಳಿಸುವುದು ಈ ರಸಾಯನಶಾಸ್ತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ಸಂಗತಿ.

ಇದಕ್ಕೆ ಕಾರೇ ಬೇಕೆಂದಿಲ್ಲ. ಮದುವೆಗೊಮ್ಮೆ ಹಾಕಿಕೊಂಡು ಡಬ್ಬಿಯಲ್ಲಿಟ್ಟ ಶೂ ಆರೇಳು ವರ್ಷದ ಮೇಲೆ ತೆಗೆದು ಮೆಟ್ಟಿದಾಗ ಅಟ್ಟೆ ಚೂರುಚೂರಾಗಿ ಉದುರುವುದನ್ನು ಬಹಳ ಮಂದಿ ಕಂಡಿದ್ದಾರೆ. ಹಳೆಯ ಸ್ಟೀರಿಯೊ ಸ್ಪೀಕರಿನ ಕೋನಿನ ಸುತ್ತಲಿನ ಫೋಮ್ ಅಂಚು ಹರಿದು ಹಾಡು ಕರ್ಕಶವಾಗುವುದೂ ಇದೇ ಬಗೆಯ ಸಾವು. ಬಳಸದಿದ್ದರೆ ವಸ್ತು ಹಾಗೇ ಉಳಿಯುತ್ತದೆ ಎಂಬ ನಮ್ಮ ನಂಬಿಕೆ ಲೋಹಕ್ಕೆ ಒಂದಿಷ್ಟು ಹೊಂದೀತು, ಈ ಪಾಲಿಮರುಗಳಿಗೆ ಹೊಂದುವುದಿಲ್ಲ. ಸವೆತಕ್ಕೂ ವಯಸ್ಸಿಗೂ ಇಲ್ಲಿ ಸಂಬಂಧವೇ ಕಡಿಮೆ. ಓಡಾಡದೆ ನಿಂತ ಕಾರಿನಲ್ಲೂ ಗಾಳಿಯ ತೇವ ತನ್ನ ಕೆಲಸ ನಡೆಸಿಯೇ ಇರುತ್ತದೆ.

ಡ್ಯಾಶ್‌ಬೋರ್ಡ್ ಇದಕ್ಕೆ ಅತ್ಯಂತ ಕೆಟ್ಟ ಜಾಗ. 2018ರಲ್ಲಿ ಅಮೆರಿಕದ ಅರಿಜೋನ ಸ್ಟೇಟ್ ಯೂನಿವರ್ಸಿಟಿ ಮತ್ತು ಸ್ಯಾನ್ ಡಿಯೇಗೊದಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು ಬೇಸಿಗೆಯ ಬಿಸಿಲಿನಲ್ಲಿ ಕಾರುಗಳನ್ನು ನಿಲ್ಲಿಸಿ ಅಳೆದಾಗ, ಒಂದು ಗಂಟೆಯಲ್ಲಿ ಡ್ಯಾಶ್‌ಬೋರ್ಡಿನ ಮೇಲ್ಮೈ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರಜ್ಞರ ಒರಟು ಅಂದಾಜು. ಆ ಲೆಕ್ಕದಲ್ಲಿ 30 ಡಿಗ್ರಿಯಿಂದ 70 ಡಿಗ್ರಿಗೆ ಏರಿದರೆ ನಾಲ್ಕು ಸಲ ಇಮ್ಮಡಿ, ಅಂದರೆ ಹದಿನಾರು ಪಟ್ಟು. ಒಳಗಿರುವ ಸೀಲು ಮೇಲ್ಮೈಯಷ್ಟು ಬಿಸಿಯಾಗುವುದಿಲ್ಲ, ಆದರೆ ಅದರ ಇನ್ನೊಂದು ಮಗ್ಗುಲಲ್ಲಿ 80 ಡಿಗ್ರಿ ಆಸುಪಾಸಿನ ನೀರು ಹರಿಯುವ ಹೀಟರ್ ಕೋರ್ ಇರುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿಯ ಊರಿನಲ್ಲಿ ನಿಂತ ಕಾರಿಗೆ ಶಾಖದ ಜೊತೆಗೆ ವರ್ಷವಿಡೀ ತೇವವೂ ಸಿಗುತ್ತದೆ. ಎಸ್ಟರ್ ಕೊಂಡಿಗೆ ಇದಕ್ಕಿಂತ ಕಷ್ಟದ ಹವೆ ಬೇರೆ ಇಲ್ಲ.

ಸೀಲು ಹೋದರೆ ಏನಾಯಿತು, ಸೋರಿದ ಗಾಳಿಯೂ ಕಾರಿನೊಳಗೇ ತಾನೆ ಬರುವುದು ಎಂದು ಯಾರಾದರೂ ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ, ಉತ್ತರಕ್ಕೆ ಸ್ವಲ್ಪ ಲೆಕ್ಕ ಬೇಕು. ನಾಳದೊಳಗೆ ಫ್ಯಾನು ಹೊರಗಿಗಿಂತ 100 ಪ್ಯಾಸ್ಕಲ್ ಹೆಚ್ಚು ಒತ್ತಡ ಇಟ್ಟಿದೆ ಎನ್ನೋಣ. ಅದು ಒಂದು ಸೆಂಟಿಮೀಟರ್ ಎತ್ತರದ ನೀರಿನ ಕಂಬದ ಒತ್ತಡವಷ್ಟೇ, ಬಾಯಲ್ಲಿ ಊದಿದರೂ ಇದಕ್ಕಿಂತ ಹೆಚ್ಚಾಗುತ್ತದೆ. ಆದರೂ ಆ ಒತ್ತಡದಲ್ಲಿ ಸಂದಿನಿಂದ ನುಗ್ಗುವ ಗಾಳಿಯ ವೇಗ ಸೆಕೆಂಡಿಗೆ 13 ಮೀಟರ್ ಹತ್ತಿರ ಬರುತ್ತದೆ. ಪೆಟ್ಟಿಗೆಯ ಅಂಚಿನಲ್ಲಿ ಅರ್ಧ ಮೀಟರ್ ಉದ್ದಕ್ಕೆ ಎರಡು ಮಿಲಿಮೀಟರ್ ಸಂದು ಬಿಟ್ಟಿದ್ದರೆ, ಅಂಚಿನಲ್ಲಿ ಗಾಳಿ ಮುದುಡುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಸೆಕೆಂಡಿಗೆ ಏಳೆಂಟು ಲೀಟರ್ ಸೋರುತ್ತದೆ. ಫ್ಯಾನು ಸೆಕೆಂಡಿಗೆ 60 ಲೀಟರ್ ತಳ್ಳುತ್ತಿದ್ದರೆ ಎಂಟರಲ್ಲೊಂದು ಪಾಲು ಆ ಒಂದೇ ಸಂದಿನಲ್ಲಿ ಹೋಯಿತು. ಇಂಥ ನಾಲ್ಕು ಸಂದುಗಳಿದ್ದರೆ ಗಾಜಿನ ಬುಡಕ್ಕೆ ತಲುಪುವುದೆಷ್ಟು? ಗದ್ದೆಯ ಒಡ್ಡಿನಲ್ಲಿ ಏಡಿ ಕೊರೆದ ತೂತುಗಳಿದ್ದರೆ ಕಾಲುವೆಯಲ್ಲಿ ಎಷ್ಟೇ ನೀರು ಬಿಟ್ಟರೂ ಕೊನೆಯ ಗದ್ದೆ ಒಣಗಿಯೇ ಇರುತ್ತದಲ್ಲ, ಹಾಗೆ.

ಗಾಜಿನ ಮಂಜು ಕರಗಿಸುವ ನಾಳವೇ ಸಾಮಾನ್ಯವಾಗಿ ಆ ಕೊನೆಯ ಗದ್ದೆ. ಅದು ಫ್ಯಾನಿನಿಂದ ದೂರ, ಬಾಯಿ ಕಿರಿದು. ಒತ್ತಡ ಕುಸಿದೊಡನೆ ಮೊದಲು ಸೊರಗುವುದು ಅದೇ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ಮುಂದಿನ ಗಾಜು ಒಳಗಿನಿಂದ ಮಸುಕಾಗುವುದು ಎಂಥ ಗಾಬರಿಯ ಸಂಗತಿ ಎಂದು ಹೇಳಬೇಕಾಗಿಲ್ಲ. 20 ಡಿಗ್ರಿಯ ಗಾಳಿ ಪ್ರತಿ ಘನ ಮೀಟರಿಗೆ ಸುಮಾರು 17 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯ ಗಾಳಿ 30 ಗ್ರಾಂ. ಹೊರಗಿನ ತೇವದ ಗಾಳಿಯನ್ನು ಹೀಟರಿನ ಮೂಲಕ ಹತ್ತು ಡಿಗ್ರಿ ಬಿಸಿ ಮಾಡಿ ಗಾಜಿಗೆ ಊದಿದರೆ ಅದಕ್ಕೆ ಇನ್ನಷ್ಟು ನೀರು ಕುಡಿಯುವ ಶಕ್ತಿ ಬರುತ್ತದೆ, ಮಂಜು ಮಾಯವಾಗುತ್ತದೆ. ಹೀಟರ್ ಕೋರಿನ ಸುತ್ತಲಿನ ಫೋಮ್ ಉದುರಿದ್ದರೆ ಗಾಳಿ ಕೋರಿನ ಒಳಗೆ ನುಗ್ಗದೆ, ಸುಲಭದ ದಾರಿಯೆಂದು ಅದರ ಪಕ್ಕದಿಂದ ಜಾರಿ ತಣ್ಣಗೇ ಬರುತ್ತದೆ. ನೀರು ಕುದಿಯುತ್ತಿದೆ, ಫ್ಯಾನು ಬೊಬ್ಬಿಡುತ್ತಿದೆ, ಆದರೂ ಬೆಚ್ಚಗಿಲ್ಲ ಎಂಬ ದೂರಿನ ಹಿಂದೆ ಈ ಕಾರಣವೂ ಇರಬಹುದು. ಇದನ್ನು ತಿಳಿಯದೆ ಚೆನ್ನಾಗಿರುವ ಹೀಟರ್ ಕೋರನ್ನೇ ಬದಲಾಯಿಸಿ ಹಣ ಕಳೆದುಕೊಳ್ಳುವವರೂ ಇದ್ದಾರೆ.

ಇನ್ನೊಂದು ಬಗೆಯ ಸೋರಿಕೆ ಇದಕ್ಕಿಂತ ಗಂಭೀರ, ಅದರತ್ತ ಯಾರ ಗಮನವೂ ಹೋಗುವುದಿಲ್ಲ. ಫ್ಯಾನಿನ ಮುಂದಿನ ಬದಿಯಲ್ಲಿ ಒತ್ತಡ ಹೆಚ್ಚು, ಅಲ್ಲಿನ ಸಂದು ಗಾಳಿಯನ್ನು ಹೊರಕ್ಕೆ ಚೆಲ್ಲುತ್ತದೆ. ಫ್ಯಾನಿನ ಹಿಂಬದಿಯಲ್ಲಿ, ಅಂದರೆ ಗಾಳಿ ಹೀರುವ ಬದಿಯಲ್ಲಿ, ಒತ್ತಡ ಕಡಿಮೆ. ಅಲ್ಲಿನ ಸಂದು ಸುತ್ತಲಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಜಿನ ಬುಡದ ಜಾಲರಿಯಿಂದ ಬರುವ ಶುದ್ಧ ಗಾಳಿಯ ಬದಲು ಡ್ಯಾಶ್‌ಬೋರ್ಡಿನ ಹಿಂದಿನ ಗಾಳಿಯೇ ಸುತ್ತಿ ಸುತ್ತಿ ಬರುತ್ತದೆ. ಪ್ರಯಾಣಿಕರ ಉಸಿರಿನ ತೇವವೆಲ್ಲ ಅದರಲ್ಲಿರುತ್ತದೆ, ಗಾಜು ಇನ್ನಷ್ಟು ಮಂಜಾಗುತ್ತದೆ. ಎಂಜಿನ್ ಗೋಡೆಯಲ್ಲಿ ವೈರು, ಕೇಬಲ್, ನೀರಿನ ಕೊಳವೆ ಹಾದುಬರುವ ತೂತುಗಳ ರಬ್ಬರ್ ಬಿರುಕು ಬಿಟ್ಟಿದ್ದರೆ ಎಂಜಿನ್ ಕೋಣೆಯ ಹೊಗೆ, ಪೆಟ್ರೋಲಿನ ಆವಿ ಕೂಡ ಆ ಹೀರುವಿಕೆಗೆ ಸಿಕ್ಕಿ ಒಳಗೆ ಬರುತ್ತವೆ. ಹಾಗಾಗಿ ಡ್ಯಾಶ್‌ಬೋರ್ಡ್ ಇಳಿಸಿದ ಮೇಲೆ ನಾನು ಮೊದಲು ನೋಡಬೇಕೆನ್ನುವುದು ಮುಖಕ್ಕೆ ಗಾಳಿ ಬರುವ ಕಿಂಡಿಯನ್ನಲ್ಲ, ಫ್ಯಾನಿನ ಗೂಡು ಕಾರಿನ ಒಡಲಿಗೆ ಕೂಡುವ ಜಾಗವನ್ನು.

240ಝಡ್‌ನ ವಿಷಯದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಓಡುತ್ತಿರುವ ಕಾರಿನ ಮುಂದಿನ ಗಾಜಿನ ಬುಡದಲ್ಲಿ ಗಾಳಿ ತಡೆದು ನಿಲ್ಲುವುದರಿಂದ ಅಲ್ಲಿ ಒತ್ತಡ ಹೆಚ್ಚು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ 460 ಪ್ಯಾಸ್ಕಲ್‌ವರೆಗೆ ಏರಬಲ್ಲದು, ಅದರಲ್ಲಿ ಒಂದು ಪಾಲು ಜಾಲರಿಯಲ್ಲಿ ಸಿಗುತ್ತದೆ. ಗಾಳಿ ಒಳಬರುವ ಬಾಯಿಯನ್ನು ವಿನ್ಯಾಸಕಾರರು ಅಲ್ಲಿಡುವುದು ಅದಕ್ಕೇ. ಕಾರಿನ ಹಿಂಬದಿಯಲ್ಲಿ ಒತ್ತಡ ಕಡಿಮೆ, ಸೈಲೆನ್ಸರಿನ ಹೊಗೆ ಅಲ್ಲೇ ಸುಳಿದಾಡುತ್ತದೆ. ಹಿಂದಿನ ಬಾಗಿಲಿನ ಸೀಲು, ಹಿಂದೀಪಗಳ ಗ್ಯಾಸ್ಕೆಟ್ ಹಳಸಿದ 240ಝಡ್‌ನೊಳಗೆ ಹೊಗೆಯ ವಾಸನೆ ಬರುವುದು ಆ ಕಾರಿನ ಪ್ರಸಿದ್ಧ ದೋಷ. ಕಿಟಕಿ ಇಳಿಸಿದರೆ ಅದು ಹೆಚ್ಚಾಗುತ್ತದೆ, ಏಕೆಂದರೆ ಕಿಟಕಿಯ ಹೊರಗೆ ರಭಸದಿಂದ ಹರಿಯುವ ಗಾಳಿ ಒಳಗಿನ ಒತ್ತಡವನ್ನು ತಗ್ಗಿಸಿ ಹಿಂದಿನ ಹೊಗೆಯನ್ನು ಎಳೆಯುತ್ತದೆ. ಮೊದಲ ಕಾರುಗಳಲ್ಲಿ ಒಳಗಿನ ಗಾಳಿ ಹೊರಹೋಗುವ ಕಿಂಡಿ ಹಿಂದಿನ ಬಾಗಿಲಿನಲ್ಲೇ ಇತ್ತು. 1971ರಲ್ಲಿ ಅದನ್ನು ಹಿಂದಿನ ಕಂಬಗಳಿಗೆ ಸ್ಥಳಾಂತರಿಸಿದರು. ಇಲ್ಲಿ ವಾಸನೆಗಿಂತ ವಾಸನೆಯಿಲ್ಲದ್ದು ಅಪಾಯಕಾರಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ರಕ್ತದ ಹೀಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮುಂದಿನಿಂದ ಶುದ್ಧ ಗಾಳಿಯನ್ನು ಸರಿಯಾಗಿ ತಳ್ಳಿ ಒಳಗಿನ ಒತ್ತಡವನ್ನು ಕಾಯುವುದು, ಹಿಂದಿನ ಸಂದುಗಳನ್ನು ಮುಚ್ಚುವುದು, ಈ ಎರಡನ್ನೂ ಒಟ್ಟಿಗೇ ಮಾಡಬೇಕು. ಹಿಂದಿನ ಸೀಲನ್ನಷ್ಟೇ ಹೊಸದು ಮಾಡಿ ಡ್ಯಾಶ್‌ಬೋರ್ಡಿನ ಕೆಲಸ ಮುಂದಕ್ಕೆ ಹಾಕಿದರೆ ಅರ್ಧ ರೋಗ ಹಾಗೇ ಉಳಿದಂತೆ.

ಈಗ ಕೈಕೆಲಸಕ್ಕೆ ಬರೋಣ. ಬ್ಯಾಟರಿಯ ತಂತಿ ಕಳಚಿ, ಪ್ರತಿ ವೈರಿಗೂ ಚೀಟಿ ಕಟ್ಟಿ, ಸ್ಪೀಡೊಮೀಟರ್ ಕೇಬಲ್, ಹೀಟರಿನ ಸನ್ನೆಗಳ ಕೇಬಲ್ಲುಗಳನ್ನು ಬಿಡಿಸಿ, ಇಬ್ಬರು ಸೇರಿ ಡ್ಯಾಶ್‌ಬೋರ್ಡ್ ಇಳಿಸಬೇಕು. 240ಝಡ್‌ನ ಡ್ಯಾಶ್‌ಬೋರ್ಡ್ ಕೂಡ ಒಳಗೆ ಯುರೆಥೇನ್ ಫೋಮ್, ಮೇಲೆ ವಿನೈಲ್ ಹೊದಿಕೆ. ವಿನೈಲಿಗೆ ಮೃದುತ್ವ ಕೊಡುವ ಥಾಲೇಟ್‌ನಂಥ ಎಣ್ಣೆಗಳು ದಶಕಗಳ ಬಿಸಿಲಿಗೆ ಆವಿಯಾಗಿ ಹೋಗುತ್ತವೆ, ಗಾಜಿನ ಒಳಬದಿಯಲ್ಲಿ ಜಿಡ್ಡಾಗಿ ಕೂರುವುದರಲ್ಲಿ ಅವುಗಳ ಪಾಲೂ ಇದೆ. ಉಳಿದ ವಿನೈಲ್ ಕುಗ್ಗಿ, ಬಿರುಸಾಗಿ ಸೀಳುತ್ತದೆ. ಸೀಳಿಲ್ಲದ ಹಳೆಯ ಡ್ಯಾಶ್‌ಬೋರ್ಡ್ ಈಗ ದುರ್ಲಭ. ಆದ್ದರಿಂದ ಚಳಿಯ ಮುಂಜಾನೆ ಈ ಕೆಲಸಕ್ಕೆ ಕೈ ಹಾಕಬಾರದು. ಬಿಸಿಲೇರಿ ವಿನೈಲ್ ಸ್ವಲ್ಪ ಮೆತ್ತಗಾದ ಮೇಲೆ ಇಳಿಸಿದರೆ ಒಡೆಯುವ ಭಯ ಕಡಿಮೆ.

ಹಳೆಯ ಫೋಮನ್ನು ತೆಗೆಯುವಾಗ ಅವಸರ ಸಲ್ಲದು. ಮೊದಲು ಉಳಿದಿರುವ ಪಟ್ಟಿಯ ಅಗಲ, ದಪ್ಪ, ಅದು ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂಬುದನ್ನು ಅಂಟಿನ ಗುರುತು ನೋಡಿ ಕಾಗದದ ಮೇಲೆ ಬರೆದುಕೊಳ್ಳಬೇಕು. ಪುಡಿಯನ್ನು ಒಣ ಬ್ರಶ್ಶಿನಿಂದ ಗುಡಿಸಿದರೆ ಗಾಳಿಯಲ್ಲೆಲ್ಲ ಹಾರುತ್ತದೆ, ಒದ್ದೆ ಮಾಡಿ ಪ್ಲಾಸ್ಟಿಕ್ ಚಾಕುವಿನಿಂದ ಕೆರೆಯುವುದು ಒಳ್ಳೆಯದು. ಮಾಸ್ಕ್ ಇರಲೇಬೇಕು. 1980ಕ್ಕಿಂತ ಹಿಂದಿನ ಕೆಲವು ಕಾರುಗಳಲ್ಲಿ ಎಂಜಿನ್ ಗೋಡೆಯ ಶಾಖನಿರೋಧಕ ಹಾಸಿನಲ್ಲಿ ಕಲ್ನಾರು ಇರುವುದುಂಟು, ಅದರ ಎಳೆ ಶ್ವಾಸಕೋಶಕ್ಕೆ ಹೊಕ್ಕರೆ ಆಯುಷ್ಯವಿಡೀ ಹೊರಬರುವುದಿಲ್ಲ. ಬೂದು ಬಣ್ಣದ ನಾರುನಾರಾದ ಹಾಸು ಕಂಡರೆ ಅದನ್ನು ಕೆದಕದೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಕೆರೆದ ಫೋಮನ್ನು ಒಟ್ಟುಮಾಡಿ ಬೆಂಕಿ ಹಾಕುವ ಅಭ್ಯಾಸವೂ ಕೆಟ್ಟದ್ದು. ಪಾಲಿಯುರೆಥೇನ್ ಉರಿದರೆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡಿನ ಜೊತೆಗೆ ಹೈಡ್ರೊಜನ್ ಸಯನೈಡ್ ಕೂಡ ಇರುತ್ತದೆ.

ಅಂಟಿನ ಕಲೆ ತೆಗೆಯಲು ಕೈಗೆ ಸಿಕ್ಕಿದ ತಿನ್ನರ್ ಸುರಿಯಬಾರದು. ಎಬಿಎಸ್ ಪ್ಲಾಸ್ಟಿಕ್ಕಿನ ನಾಳಗಳ ಮೇಲೆ ಅಸಿಟೋನ್ ಬಿದ್ದರೆ ಪ್ಲಾಸ್ಟಿಕ್ಕೇ ಕರಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ನಿಧಾನ, ಆದರೆ ಸುರಕ್ಷಿತ. ಕೊನೆಯ ಒರೆಸುವಿಕೆಯೂ ಅದರಲ್ಲೇ ಆಗಬೇಕು, ಏಕೆಂದರೆ ಹೊಸ ಪಟ್ಟಿಯ ಅಂಟು ಹಿಡಿಯುವುದು ಜಿಡ್ಡಿಲ್ಲದ ಮೇಲ್ಮೈಯನ್ನು ಮಾತ್ರ.

ಹೊಸ ಪಟ್ಟಿಗೆ ಯಾವ ವಸ್ತು ಎಂಬಲ್ಲಿ ಎರಡು ಪಂಗಡಗಳಿವೆ. ಕಾರ್ಖಾನೆ ಹಾಕಿದ್ದನ್ನೇ ಹಾಕಬೇಕು ಎನ್ನುವವರು ಒಂದು ಕಡೆ. ಅವರ ನಿಷ್ಠೆಯ ಬಗ್ಗೆ ನನಗೆ ಗೌರವವಿದೆ. ಬಣ್ಣ, ಬೊಲ್ಟಿನ ತಲೆ, ಸೀಟಿನ ಹೊಲಿಗೆ, ಇವೆಲ್ಲ ಮೂಲದಂತೆಯೇ ಇರಬೇಕೆಂಬುದು ಸರಿ, ಏಕೆಂದರೆ ಅವು ಆ ಕಾಲದ ಕೈಕೆಲಸದ ಸಾಕ್ಷಿ. ಆದರೆ ಯಾರ ಕಣ್ಣಿಗೂ ಬೀಳದ ಪೆಟ್ಟಿಗೆಯೊಳಗೆ, ಇಪ್ಪತ್ತು ವರ್ಷದಲ್ಲಿ ಪುಡಿಯಾಗುವುದೆಂದು ಈಗ ನಮಗೆ ಗೊತ್ತಿರುವ ವಸ್ತುವನ್ನೇ ಮತ್ತೆ ಅಂಟಿಸುವುದರಿಂದ ಕಾರಿಗೆ ಉಪಕಾರವಾಗುವುದಿಲ್ಲ. 1969ರ ಎಂಜಿನಿಯರಿಗೆ ಬೇಕಿದ್ದದ್ದು ಗಾಳಿ ಸೋರದಿರುವುದು. ಅಂದು ಕೈಗೆಟುಕಿದ ವಸ್ತುವಿನಿಂದ ಆತ ಅದನ್ನು ಸಾಧಿಸಿದ. ಅವನ ಉದ್ದೇಶವನ್ನು ಉಳಿಸುವುದೇ ಇಲ್ಲಿ ನಿಜವಾದ ನಿಷ್ಠೆ ಎಂದು ನಾನು ನಂಬುತ್ತೇನೆ. ಹಳೆಯ ಪಟ್ಟಿಯ ಒಂದು ತುಣುಕನ್ನು ದಿನಾಂಕ ಬರೆದ ಲಕೋಟೆಯಲ್ಲಿಟ್ಟು ಕಾರಿನ ಕಾಗದಪತ್ರಗಳ ಜೊತೆ ಸೇರಿಸಿದರೆ ಇತಿಹಾಸಕ್ಕೂ ಲೋಪವಾಗುವುದಿಲ್ಲ.

ಹಾಗಾದರೆ ರಬ್ಬರ್ ಪಟ್ಟಿ ಆದೀತೇ? ಸುಳ್ಯ, ಪುತ್ತೂರಿನ ತೋಟಗಳಲ್ಲಿ ಇಳಿಸುವ ಸಹಜ ರಬ್ಬರಿನ ಸರಪಳಿಯಲ್ಲಿ ಉದ್ದಕ್ಕೂ ಜೋಡಿ ಬಂಧಗಳಿವೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ವಲ್ಕನೀಕರಣಕ್ಕೆ, ಅಂದರೆ ಗಂಧಕದಿಂದ ಸರಪಳಿಗಳನ್ನು ಒಂದಕ್ಕೊಂದು ಬಿಗಿಯುವುದಕ್ಕೆ, ಆಸರೆ ಅವೇ. ಆದರೆ ಗಾಳಿಯಲ್ಲಿ ಲೇಶಮಾತ್ರ ಇರುವ ಓಝೋನ್ ಆ ಜೋಡಿ ಬಂಧಗಳನ್ನೇ ಹುಡುಕಿ ಕತ್ತರಿಸುತ್ತದೆ. ಎಳೆದೋ ಬಾಗಿಸಿಯೋ ಇಟ್ಟ ರಬ್ಬರಿನ ಮೇಲೆ ಎಳೆತಕ್ಕೆ ಅಡ್ಡಲಾಗಿ ಸಾಲುಸಾಲು ಬಿರುಕು ಕಾಣುವುದು ಹೀಗೆ. ಇದಕ್ಕೆ ಉತ್ತರವಾಗಿ ಬಂದದ್ದು ಇಪಿಡಿಎಂ. ಎಥಿಲೀನ್, ಪ್ರೊಪಿಲೀನ್ ಜೊತೆಗೆ ಸ್ವಲ್ಪ ಡೈಈನ್ ಬೆರೆಸಿ ಮಾಡುವ ಈ ರಬ್ಬರಿನ ಬೆನ್ನೆಲುಬಿನಲ್ಲಿ ಜೋಡಿ ಬಂಧವೇ ಇಲ್ಲ. ವಲ್ಕನೀಕರಣಕ್ಕೆ ಬೇಕಾದ ಕೆಲವು ಜೋಡಿ ಬಂಧಗಳು ಪಕ್ಕದ ಕವಲುಗಳಲ್ಲಿರುತ್ತವೆ. ಓಝೋನ್ ಅವನ್ನು ಕತ್ತರಿಸಿದರೂ ಸರಪಳಿ ತುಂಡಾಗುವುದಿಲ್ಲ. ನೀರು ಕಳಚುವ ಎಸ್ಟರ್ ಕೊಂಡಿಯೂ ಅದರಲ್ಲಿಲ್ಲ. ಇಂಥ ಸರಪಳಿಗಳನ್ನು ಹೆಣೆಯಲು ಬೇಕಾದ ವೇಗವರ್ಧಕಗಳನ್ನು ಕಂಡುಹಿಡಿದ ಕಾರ್ಲ್ ಝೀಗ್ಲರ್ ಮತ್ತು ಜೂಲಿಯೊ ನಟ್ಟಾ ಅವರಿಗೆ 1963ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇಂದಿನ ಕಾರುಗಳ ಬಾಗಿಲಿನ ಸೀಲು, ಹೀಟರಿನ ನೀರಿನ ಕೊಳವೆ ಹೆಚ್ಚಾಗಿ ಇಪಿಡಿಎಂನದ್ದೇ. ಅದರ ದೌರ್ಬಲ್ಯ ಪೆಟ್ರೋಲಿಯಂ ಎಣ್ಣೆ. ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಎಂಜಿನ್ ಗೋಡೆಯ ಆಚೆ ಎಣ್ಣೆ ಸಿಡಿಯುವ ಜಾಗವಿದ್ದರೆ ನಿಯೊಪ್ರೀನ್ ಮೇಲು. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲೆಸ್ ಕ್ಯಾರಥರ್ಸ್ ಅವರ ತಂಡ 1930ರಲ್ಲಿ ಕಂಡುಕೊಂಡ ರಬ್ಬರ್ ಅದು.

ವಸ್ತುವಿಗಿಂತಲೂ ಮುಖ್ಯವಾದದ್ದು ಗುಳ್ಳೆಯ ಬಗೆ. ಹಳೆಯ ಫೋಮಿನಲ್ಲಿ ಗುಳ್ಳೆಗಳೆಲ್ಲ ಒಂದಕ್ಕೊಂದು ತೆರೆದಿದ್ದವು. ಅದುಮಿದಾಗ ಗಾಳಿ ಹೊರಹೋಗಿ ಸುಲಭವಾಗಿ ಕುಗ್ಗುತ್ತಿತ್ತು, ಆದರೆ ಅದೇ ದಾರಿಯಲ್ಲಿ ತೇವವೂ ಒಳಸೇರಿ ಪ್ರತಿ ಎಳೆಯನ್ನೂ ಮುಟ್ಟುತ್ತಿತ್ತು. ಮುಚ್ಚಿದ ಗುಳ್ಳೆಯ ಫೋಮಿನಲ್ಲಿ ಒಂದೊಂದು ಗುಳ್ಳೆಯೂ ಪ್ರತ್ಯೇಕ, ನೀರು ಒಳಗಿಳಿಯುವುದಿಲ್ಲ. ಆದರೆ ಅದುಮಿದಾಗ ಒಳಗಿನ ಅನಿಲ ಎದುರು ಒತ್ತುತ್ತದೆ, ಹೆಚ್ಚು ಬಲ ಬೇಕಾಗುತ್ತದೆ. ಇಲ್ಲಿಯೇ ಬಹಳ ದುರಸ್ತಿಗಳು ಹಾದಿ ತಪ್ಪುತ್ತವೆ. ದಪ್ಪಗಿದ್ದಷ್ಟೂ ಒಳ್ಳೆಯದೆಂದು ಫ್ಲ್ಯಾಪಿನ ಮೇಲೆ ಹತ್ತು ಮಿಲಿಮೀಟರಿನ ಗಟ್ಟಿ ಪಟ್ಟಿ ಅಂಟಿಸಿದರೆ ಅದು ಪೂರ್ತಿ ಮುಚ್ಚುವುದೇ ಇಲ್ಲ. ಸನ್ನೆಯನ್ನು ಬಲವಂತದಿಂದ ತಳ್ಳಿದಾಗ ಐವತ್ತು ವರ್ಷದ ಪ್ಲಾಸ್ಟಿಕ್ ಕೀಲು ಪಟ್ಟನೆ ಮುರಿಯುತ್ತದೆ, ಇಲ್ಲವೇ ಕೇಬಲ್ಲಿನ ಹೊರಕವಚ ಬಾಗುತ್ತದೆ.

ಅಲುಗಾಡದ ಕೂಡುಗಳಿಗೆ, ಎಂದರೆ ಪೆಟ್ಟಿಗೆ ಒಡಲಿಗೆ ಕೂರುವಲ್ಲಿ, ನಾಳ ಪೆಟ್ಟಿಗೆಗೆ ಸೇರುವಲ್ಲಿ, ಹೀಟರ್ ಕೋರಿನ ಸುತ್ತ, ಮುಚ್ಚಿದ ಗುಳ್ಳೆಯ ಇಪಿಡಿಎಂ ಹಾಕಬೇಕು. ಬೊಲ್ಟು ಬಿಗಿದಾಗ ಅದು ತನ್ನ ದಪ್ಪದ ಕಾಲು ಭಾಗದಿಂದ ಅರ್ಧದೊಳಗೆ ಕುಗ್ಗುವಂತಿರಬೇಕು. ಅಲುಗಾಡುವ ಫ್ಲ್ಯಾಪುಗಳಿಗೆ ತೆಳುವಾದ, ಬೆರಳಿಗೆ ಮೆತ್ತಗೆ ತಾಗುವ ದರ್ಜೆಯದು ಬೇಕು. ಸಂದು ನಿಜಕ್ಕೂ ಎಷ್ಟಿದೆಯೆಂದು ತಿಳಿಯಲು ಮಕ್ಕಳಾಡುವ ಜೇಡಿಯ ಉಂಡೆಗಳನ್ನು ಅಲ್ಲಲ್ಲಿ ಇಟ್ಟು, ಅವು ಅಂಟದಂತೆ ತೆಳು ಪ್ಲಾಸ್ಟಿಕ್ ಹೊದಿಸಿ, ಪೆಟ್ಟಿಗೆಯನ್ನು ಒಮ್ಮೆ ಬಿಗಿದು ಬಿಚ್ಚಿ, ಚಪ್ಪಟೆಯಾದ ಜೇಡಿಯ ದಪ್ಪ ಅಳೆಯಬಹುದು. ಒಂದೇ ಕೂಡಿನಲ್ಲಿ ಒಂದು ಮೂಲೆ ಮೂರು ಮಿಲಿಮೀಟರ್, ಇನ್ನೊಂದು ಮೂಲೆ ಆರು ಬರುವುದುಂಟು. ಹಳೆಯ ಒಡಲುಗಳು ಎಲ್ಲೆಲ್ಲೂ ಒಂದೇ ಅಳತೆಗೆ ಇರುವುದಿಲ್ಲ.

ಪಟ್ಟಿ ಕೊಳ್ಳುವಾಗ ಕೇಳಬೇಕಾದ ಇನ್ನೊಂದು ಗುಣವಿದೆ. ಬಹುಕಾಲ ಅದುಮಿಟ್ಟ ಮೇಲೆ ಬಿಟ್ಟರೆ ಅದು ಎಷ್ಟು ಹಿಂದಕ್ಕೆ ಉಬ್ಬುತ್ತದೆ? ಹತ್ತು ಮಿಲಿಮೀಟರಿನ ತುಂಡನ್ನು ಏಳೂವರೆಗೆ ಅದುಮಿ, ಬಿಸಿ ಒಲೆಯಲ್ಲಿ ನಿಗದಿತ ಗಂಟೆಗಳ ಕಾಲ ಇಟ್ಟು, ಬಿಟ್ಟಾಗ ಒಂಬತ್ತೂವರೆಗೆ ಮರಳಿದರೆ, ಅದುಮಿದ ಎರಡೂವರೆಯಲ್ಲಿ ಅರ್ಧ ಮಿಲಿಮೀಟರ್ ಶಾಶ್ವತವಾಗಿ ಹೋಯಿತು, ಅಂದರೆ ಶೇಕಡ 20. ಪ್ರಯೋಗಾಲಯಗಳು ಇದನ್ನು ಕಂಪ್ರೆಶನ್ ಸೆಟ್ ಎಂದು ಅಳೆಯುತ್ತವೆ. ಈ ಅಂಕಿ ಕಡಿಮೆಯಿದ್ದಷ್ಟೂ ಸೀಲು ದೀರ್ಘಾಯು. ಪ್ಯಾಕಿಂಗಿಗೆ ಬಳಸುವ ಅಗ್ಗದ ಬಿಳಿ ಪಾಲಿಎಥಿಲೀನ್ ಫೋಮ್ ಮೊದಲ ದಿನ ಚೆನ್ನಾಗಿ ಕಂಡರೂ ಬಿಸಿಗೆ ಒಮ್ಮೆ ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ. ಅಂಟಿನಲ್ಲೂ ಅಷ್ಟೆ. ರಬ್ಬರ್ ಆಧಾರದ ಅಂಟು ತಕ್ಷಣ ಹಿಡಿಯುತ್ತದೆ, ಬೇಸಿಗೆಯಲ್ಲಿ ಜಾರುತ್ತದೆ. ಅಕ್ರಿಲಿಕ್ ಅಂಟು ಪೂರ್ತಿ ಹಿಡಿಯಲು ಒಂದೆರಡು ದಿನ ಬೇಕು, ಶಾಖಕ್ಕೆ ಮಾತ್ರ ಅಂಜುವುದಿಲ್ಲ. ಪಟ್ಟಿಯನ್ನು ಎಳೆದು ಅಂಟಿಸಬಾರದು. ಎಳೆದದ್ದು ಕುಗ್ಗಿದಾಗ ಮೂಲೆಯಲ್ಲಿ ಬಾಯಿ ಬಿಡುತ್ತದೆ. ತುದಿಗಳು ಕೂಡುವಲ್ಲಿ ನೇರ ಕತ್ತರಿಸದೆ ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಕೂರಿಸಿದರೆ ಸಂದು ಉಳಿಯುವುದಿಲ್ಲ.

ಡ್ಯಾಶ್‌ಬೋರ್ಡನ್ನು ಮತ್ತೆ ಏರಿಸುವ ಮುನ್ನ ಪರೀಕ್ಷೆ ಮುಗಿಸಬೇಕು, ಏರಿಸಿದ ಮೇಲೆ ಏನೂ ಕಾಣದು. ಒಂದು ಉದ್ದ ಕಾಗದದ ಚೂರನ್ನು ಫ್ಲ್ಯಾಪಿನ ಅಂಚಿನಲ್ಲಿಟ್ಟು ಮುಚ್ಚಿ ಎಳೆದು ನೋಡಬೇಕು, ಸುತ್ತಲೂ ಒಂದೇ ಬಿಗಿ ಸಿಗಬೇಕು. ರಾತ್ರಿ ದೀಪ ಆರಿಸಿ ಪೆಟ್ಟಿಗೆಯೊಳಗೆ ಸಣ್ಣ ಎಲ್‌ಇಡಿ ಇಟ್ಟರೆ ಬೆಳಕು ಸೋರುವ ಜಾಗ ಕಾಣುತ್ತದೆ. ಬ್ಯಾಟರಿಯಿಂದ ನೇರ ವೈರು ಎಳೆದು ಫ್ಯಾನು ತಿರುಗಿಸಿ, ಊದುಬತ್ತಿಯನ್ನು ಪ್ರತಿ ಕೂಡಿನ ಬಳಿ ಹಿಡಿದರೆ ಹೊಗೆಯೇ ದಾರಿ ತೋರಿಸುತ್ತದೆ. ಫ್ಯಾನಿನ ಮುಂದಿನ ಬದಿಯ ಸೋರಿಕೆಯಾದರೆ ಹೊಗೆ ದೂರ ಚದುರುತ್ತದೆ, ಹೀರುವ ಬದಿಯದಾದರೆ ಸಂದಿನೊಳಗೆ ಎಳೆದುಹೋಗುತ್ತದೆ. ಒರೆಸಿದ ದ್ರಾವಕದ ಆವಿ ಆರಿದ ಮೇಲಷ್ಟೇ ಬತ್ತಿ ಹಚ್ಚಬೇಕೆಂಬುದನ್ನು ಮರೆಯಬಾರದು.

240ಝಡ್‌ನ ಹೀಟರಿಗೆ ನೀರು ಬಿ‌ಡುವ ಕವಾಟ ಸೋರುವುದು ಸಾಮಾನ್ಯ, ಅದನ್ನೂ ಕೊಳವೆಗಳನ್ನೂ ಈಗಲೇ ನೋಡಿಬಿಡಬೇಕು. ಇನ್ನೊಮ್ಮೆ ಡ್ಯಾಶ್‌ಬೋರ್ಡ್ ಇಳಿಸುವಾಗ ವಿನೈಲ್ ತಡೆದೀತೆಂಬ ಭರವಸೆ ಇಲ್ಲ. ಹೊಸ ಪಟ್ಟಿಯ ದಪ್ಪಕ್ಕೆ ತಕ್ಕಂತೆ ಕೇಬಲ್ಲುಗಳ ಹಿಡಿಕೆಯನ್ನು ಸ್ವಲ್ಪ ಸರಿಸಿ, ಸನ್ನೆ ತುದಿ ಮುಟ್ಟುವ ಮುನ್ನವೇ ಫ್ಲ್ಯಾಪು ಮುಚ್ಚಿರುವಂತೆ ಹೊಂದಿಸಬೇಕು. ಒಂದು ಬೇಸಿಗೆ ಕಳೆದ ಮೇಲೆ ಹೊಸ ಸೀಲು ಒಂದಿಷ್ಟು ಕುಗ್ಗಿ ನೆಲೆಗೊಂಡಿರುತ್ತದೆ. ಆಗ ಗ್ಲವ್ ಬಾಕ್ಸ್ ತೆಗೆದು ಕೈ ಹಾಕಿ ಕೇಬಲ್ಲಿನ ಹಿಡಿಕೆಯನ್ನು ಇನ್ನೊಂದೆರಡು ಮಿಲಿಮೀಟರ್ ಎಳೆದು ಬಿಗಿಯಬೇಕಾಗುತ್ತದೆ, ಆ ಹಿಡಿಕೆಯ ಸ್ಕ್ರೂ ಕೈಗೆಟುಕುವ ಕಡೆಗೆ ಮುಖ ಮಾಡಿರುವಂತೆ ಕೂರಿಸಲು ಡ್ಯಾಶ್‌ಬೋರ್ಡ್ ಹೊರಗಿರುವ ಈ ದಿನವೇ ಸಮಯ.